ಮನೆ ಸ್ಟುಡಿಯೊಗೆ ಯಾವ ರೆಕಾರ್ಡಿಂಗ್ ಸಾಫ್ಟ್‌ವೇರ್? ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಹಾಡುವವರಿಗೆ ಬರವಿಲ್ಲ. ತತ್ವಪದ, ವಚನ, ಭಜನೆ, ಮೊಹರಂ ಪದ, ಕವ್ವಾಲಿ, ಹಂತಿ ಪದ, ಈಗಿನ ಹುಡುಗರ ಜಾನಪದ ಡಿಜೆ ಹಾಡು, ಎಲ್ಲವೂ ಇದೆ. ಲ್ಯಾಪ್‌ಟಾಪ್, ಮೈಕ್ ಕೈಗೆಟಕುವ ಬೆಲೆಗೆ ಬಂದ ಮೇಲೆ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಳ್ಳುವವರು ಜಾಸ್ತಿಯಾಗಿದ್ದಾರೆ. ಅವರು ಮೊದಲು ಕೇಳುವುದೇ ಸಾಫ್ಟ್‌ವೇರ್ ಬಗ್ಗೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಾಡು ಎಂಥದ್ದು, ಹಾಡುವವರು ಹೇಗೆ ಕೂತು ಹಾಡುತ್ತಾರೆ ಅನ್ನುವುದು ಗೊತ್ತಾದರೆ ಸಾಫ್ಟ್‌ವೇರ್ ಯಾವುದು ಅನ್ನುವುದು ತಾನಾಗಿಯೇ ತೀರ್ಮಾನವಾಗುತ್ತದೆ. ಕೆಳಗಿನ ಉತ್ತರಗಳೆಲ್ಲ ಆ ದಾರಿಯಲ್ಲೇ ಇವೆ.

ಸುತ್ತಿ ಬಳಸಿ ಬೇಡ, ಒಂದೇ ಮಾತಲ್ಲಿ ಹೇಳಿ. ಯಾವುದು ಹಾಕಿಕೊಳ್ಳಲಿ?

ವಿಂಡೋಸ್ ಲ್ಯಾಪ್‌ಟಾಪ್ ಇದೆ, ಹಾಡಿನ ಜೊತೆ ಪೇಟಿ, ತಬಲಾ ಇರುತ್ತದೆ ಅಂದರೆ ರೀಪರ್. ಪ್ರವಚನ, ಕಥೆ, ಒಂದೇ ದನಿಯ ಹಾಡು ಅಂದರೆ ಆಡಾಸಿಟಿ. ಮ್ಯಾಕ್ ಇದ್ದರೆ ಮೊದಲು ಗ್ಯಾರೇಜ್‌ಬ್ಯಾಂಡ್ ನೋಡಿ. ಬೀಟ್ ಕಟ್ಟಿ ಅದರ ಮೇಲೆ ಹಾಡುವುದಾದರೆ ಎಫ್‌ಎಲ್ ಸ್ಟುಡಿಯೊ. ನಿಮ್ಮದು ಇದರಲ್ಲಿ ಯಾವುದು ಅಂತ ಖಾತ್ರಿ ಇಲ್ಲದಿದ್ದರೆ ಮುಂದಿನ ಉತ್ತರ ಓದಿ.

ಸಾಫ್ಟ್‌ವೇರ್ ಆರಿಸುವ ಮುಂಚೆ ಏನು ಯೋಚಿಸಬೇಕು?

ಎಲ್ಲರೂ ಒಟ್ಟಿಗೆ ಕೂತು ಹಾಡುತ್ತೀರಾ, ಇಲ್ಲ ಒಂದೊಂದಾಗಿ ಸೇರಿಸುತ್ತೀರಾ? ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ.

ಭಜನಾ ಮಂಡಳಿಯನ್ನು ನೆನೆಸಿಕೊಳ್ಳಿ. ಮುಂದೆ ಕೂತವರು ಒಂದು ಸಾಲು ಎತ್ತುತ್ತಾರೆ. ಕೊನೆಯ ಶಬ್ದ ಮುಗಿಯುವ ಮುಂಚೆಯೇ ಹಿಮ್ಮೇಳದ ಕಡೆ ಕತ್ತು ತಿರುಗಿಸುತ್ತಾರೆ. ಆ ಕತ್ತು ತಿರುಗಿದ್ದೇ ಸನ್ನೆ. ಹಿಮ್ಮೇಳದವರು ಸಾಲು ಎತ್ತಿಕೊಳ್ಳುತ್ತಾರೆ, ತಬಲಾದವರು ಅಲ್ಲೇ ಲಗ್ಗಿ ಹಿಡಿಯುತ್ತಾರೆ, ತಾಳದವರ ಕೈ ಜೋರಾಗುತ್ತದೆ. ಇವರನ್ನೆಲ್ಲ ಬೇರೆ ಬೇರೆ ದಿನ ಕರೆಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಒಬ್ಬೊಬ್ಬರನ್ನೇ ರೆಕಾರ್ಡ್ ಮಾಡಿದರೆ ಆ ಸನ್ನೆ ಇರುವುದಿಲ್ಲ. ಹಾಡು ಶುದ್ಧವಾಗಿ ಬರಬಹುದು, ಆದರೆ ಸಪ್ಪಗಿರುತ್ತದೆ. ಇಂಥ ಹಾಡಿಗೆ ನಾಲ್ಕೈದು ಮೈಕ್‌ಗಳನ್ನು ಒಂದೇ ಹೊತ್ತಿಗೆ ಬೇರೆ ಬೇರೆ ಟ್ರ್ಯಾಕ್‌ಗೆ, ಅಂದರೆ ಒಂದೊಂದು ಮೈಕ್‌ನ ದನಿಯನ್ನು ಬೇರೆ ಬೇರೆ ಪಟ್ಟಿಗೆ, ತೆಗೆದುಕೊಳ್ಳುವ ಸಾಫ್ಟ್‌ವೇರ್ ಬೇಕು. ಅಷ್ಟು ಮೈಕ್ ಹಿಡಿಯುವ ಸೌಂಡ್ ಕಾರ್ಡೂ (ಮೈಕ್‌ಗಳನ್ನು ಲ್ಯಾಪ್‌ಟಾಪ್‌ಗೆ ಸೇರಿಸುವ ಡಬ್ಬಿ) ಬೇಕು. ರೀಪರ್, ಕ್ಯೂಬೇಸ್, ಲಾಜಿಕ್ ಈ ಕೆಲಸವನ್ನು ಆರಾಮಾಗಿ ಮಾಡುತ್ತವೆ.

ಡಿಜೆ ಹಾಡಿನ ಕೆಲಸ ಪೂರ್ತಿ ಬೇರೆ. ಮೊದಲು ರಿದಮ್, ಆಮೇಲೆ ಕೀಬೋರ್ಡ್, ಕೊನೆಗೆ ದನಿ. ಒಂದು ಹೊತ್ತಿಗೆ ಒಂದೇ ಮೈಕ್ ಸಾಕು. ಇಲ್ಲಿ ಮಿಡಿ (ಕೀಬೋರ್ಡಿನಲ್ಲಿ ಯಾವ ಕೀ ಯಾವಾಗ ಒತ್ತಿದಿರಿ ಅಂತ ಕಂಪ್ಯೂಟರ್‌ಗೆ ಹೇಳುವ ವ್ಯವಸ್ಥೆ) ಚೆನ್ನಾಗಿರಬೇಕು, ಲೂಪ್ (ಮತ್ತೆ ಮತ್ತೆ ಓಡುವ ರಿದಮ್ ತುಣುಕು) ಜೋಡಿಸುವುದು ಸಲೀಸಾಗಿರಬೇಕು.

ಇನ್ನೊಂದು ಮಾತು. ನಿಮ್ಮ ಓಣಿಯಲ್ಲಿ, ಗೆಳೆಯರಲ್ಲಿ ಯಾರಿಗಾದರೂ ಒಂದು ಸಾಫ್ಟ್‌ವೇರ್ ಚೆನ್ನಾಗಿ ಬರುತ್ತಿದ್ದರೆ ಅದನ್ನೇ ಹಾಕಿಕೊಳ್ಳುವುದು ಜಾಣತನ. ರಾತ್ರಿ ಹನ್ನೊಂದಕ್ಕೆ ಟ್ರ್ಯಾಕ್ ಸದ್ದು ಮಾಡದೆ ಕೂತಾಗ ಫೋನ್ ಮಾಡಿ ಕೇಳಲು ಒಬ್ಬರು ಇರಬೇಕು ಅಲ್ವಾ?

ಆಡಾಸಿಟಿ ಫ್ರೀ ಇದೆಯಲ್ಲ, ಅದೇ ಸಾಕಾಗುವುದಿಲ್ಲವಾ?

ತುಂಬಾ ಜನರಿಗೆ ಸಾಕಾಗುತ್ತದೆ. 2000ನೇ ಇಸವಿಯಿಂದ ಇರುವ ಸಾಫ್ಟ್‌ವೇರ್ ಅದು. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಆರ್ ಒತ್ತಿದರೆ ರೆಕಾರ್ಡ್, ಸ್ಪೇಸ್ ಒತ್ತಿದರೆ ಪ್ಲೇ. ಮನೆಯಲ್ಲಿ ಶಾಲೆ ಮಕ್ಕಳಿಗೂ ಒಂದು ಸಂಜೆಯಲ್ಲಿ ಬರುತ್ತದೆ. ಬ್ಯಾಕ್‌ಗ್ರೌಂಡ್ ಸದ್ದು ತೆಗೆಯುವುದು, ಬೇಡದ ಜಾಗ ಕತ್ತರಿಸುವುದು, ಎಂಪಿ3 ಮಾಡುವುದು, ಇವಕ್ಕೆ ಈಗಲೂ ನಾನು ಅದನ್ನೇ ತೆರೆಯುತ್ತೇನೆ. 2022ರಲ್ಲಿ ಬಂದ 3.2ರ ಆವೃತ್ತಿಯಿಂದ ಎಫೆಕ್ಟ್‌ಗಳನ್ನು ಹಾಡು ಓಡುತ್ತಿರುವಾಗಲೇ ಹಾಕಿ ಕೇಳಬಹುದು. ಮುಂಚೆ ಇದು ಇರಲಿಲ್ಲ.

ಕೀಬೋರ್ಡನ್ನು ಮಿಡಿ ಮೂಲಕ ನುಡಿಸಿ ರೆಕಾರ್ಡ್ ಮಾಡುವುದು ಮಾತ್ರ ಅದರಲ್ಲಿ ಆಗುವುದಿಲ್ಲ. ಟ್ರ್ಯಾಕ್‌ಗಳು ಹತ್ತು ಹನ್ನೆರಡು ಆದಾಗ ಮಿಕ್ಸ್ ಮಾಡುವುದೂ ತ್ರಾಸು. ಅಲ್ಲಿಗೆ ಬಂದಾಗ ಬೇರೆಯದಕ್ಕೆ ಹೋಗಿ. ಕಲಿತದ್ದು ದಂಡವಾಗುವುದಿಲ್ಲ. ವೇವ್ ಫಾರ್ಮ್, ಅಂದರೆ ಪರದೆ ಮೇಲಿನ ದನಿಯ ಅಲೆ, ನೋಡಿ ಕತ್ತರಿಸುವ ಕೈ ಎಲ್ಲ ಸಾಫ್ಟ್‌ವೇರ್‌ನಲ್ಲೂ ಬೇಕು.

ರೀಪರ್ ಬಗ್ಗೆ ಅಷ್ಟು ಒತ್ತಿ ಯಾಕೆ ಹೇಳುತ್ತೀರಿ?

ವಿನ್ಆಂಪ್ ನೆನಪಿದೆಯಾ? ಕಂಪ್ಯೂಟರ್ ಸೆಂಟರ್‌ಗಳಲ್ಲಿ ಎಲ್ಲರೂ ಹಾಡು ಕೇಳುತ್ತಿದ್ದ ಪ್ಲೇಯರ್. ಅದನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರೇ ಆಮೇಲೆ ಕಾಕೋಸ್ ಅನ್ನುವ ಸಣ್ಣ ಕಂಪನಿ ಮಾಡಿ ರೀಪರ್ ತಂದರು. ವಿಂಡೋಸ್‌ಗೆ ಡೌನ್‌ಲೋಡ್ 20 ಎಂಬಿಯ ಆಸುಪಾಸು. ಮೊಬೈಲ್ ಡೇಟಾದಲ್ಲೇ ಇಳಿಸಿಕೊಳ್ಳಬಹುದು. 60 ದಿನ ಯಾವ ಕಟ್ಟೂ ಇಲ್ಲದೆ ಪೂರ್ತಿ ಬಳಸಿ ನೋಡಬಹುದು. ಆಮೇಲೆ ಮನೆ ಸ್ಟುಡಿಯೊದವರಿಗೆ 60 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಐದು ಸಾವಿರ ರೂಪಾಯಿ ಮೇಲೆ. ಈ ಕೆಲಸದಿಂದ ವರ್ಷಕ್ಕೆ 20,000 ಡಾಲರ್‌ಗಿಂತ ಜಾಸ್ತಿ ದುಡಿಯುವವರು 225 ಡಾಲರ್ ಕೊಡಬೇಕು. ಎರಡರಲ್ಲೂ ಸಾಫ್ಟ್‌ವೇರ್ ಒಂದೇ, ಏನನ್ನೂ ಮುಚ್ಚಿಟ್ಟಿಲ್ಲ. ಕಾರ್ಡ್‌ನಲ್ಲಿ ವಿದೇಶಿ ಪಾವತಿ ಆನ್ ಮಾಡಿಸಿಕೊಂಡಿರಿ, ಇಲ್ಲದಿದ್ದರೆ ಹಣ ಹೋಗುವುದಿಲ್ಲ.

ಟ್ರ್ಯಾಕ್ ಇಷ್ಟೇ ಅನ್ನುವ ಮಿತಿ ಇಲ್ಲ. ದನಿಯ ಮಂದ್ರ, ತಾರ ಹೊಂದಿಸುವ ಈಕ್ಯೂ, ಜೋರು ಮೆಲ್ಲಗೆಯ ಅಂತರ ಕಡಿಮೆ ಮಾಡುವ ಕಂಪ್ರೆಸರ್, ಗುಂಗು ಕೊಡುವ ರಿವರ್ಬ್, ಶ್ರುತಿ ನೋಡುವ ಟ್ಯೂನರ್ ಎಲ್ಲ ಜೊತೆಗೇ ಬರುತ್ತವೆ. ನೋಡಲು ಚೆಂದವಿಲ್ಲ, ಅದು ನಿಜ. ಮೊದಲ ಸಲ ತೆರೆದಾಗ ಖಾಲಿ ಬೂದು ಪರದೆ ನೋಡಿ ಗಾಬರಿಯಾಗುತ್ತದೆ. ನಾಲ್ಕು ಕೀ ಕಲಿಯಿರಿ. ಕಂಟ್ರೋಲ್ ಟಿ ಒತ್ತಿದರೆ ಹೊಸ ಟ್ರ್ಯಾಕ್, ಕಂಟ್ರೋಲ್ ಆರ್ ರೆಕಾರ್ಡ್, ಎಸ್ ಒತ್ತಿದರೆ ಕತ್ತರಿ, ಎಂ ಒತ್ತಿದರೆ ಗುರುತು. ಹಾಡು ನಡೆಯುತ್ತಿರುವಾಗಲೇ ಎಂ ಒತ್ತಿ ಗುರುತು ಹಾಕುತ್ತಾ ಹೋದರೆ, ಎರಡು ಗಂಟೆ ಭಜನೆಯಲ್ಲಿ ಯಾವ ಪದ ಎಲ್ಲಿ ಶುರುವಾಯಿತು ಅಂತ ಆಮೇಲೆ ಹುಡುಕಬೇಕಾಗಿಲ್ಲ.

ನಮ್ಮ ಹುಡುಗರೆಲ್ಲ ಎಫ್‌ಎಲ್ ಸ್ಟುಡಿಯೊ ಅಂತಾರೆ. ತಪ್ಪಾ?

ತಪ್ಪೇನಿಲ್ಲ. ಬೀಟ್ ಕಟ್ಟಲು ಅದರಷ್ಟು ಬೇಗ ಕೈಗೆ ಒಗ್ಗುವುದು ಕಡಿಮೆ. ಹಲಗಿ, ಡೊಳ್ಳಿನ ಪೆಟ್ಟುಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿಕೊಂಡು, ಸ್ಟೆಪ್ ಸೀಕ್ವೆನ್ಸರ್‌ನಲ್ಲಿ (ಪೆಟ್ಟುಗಳನ್ನು ಮನೆ ಮನೆಯಾಗಿ ಜೋಡಿಸುವ ಪಟ್ಟಿ) ಕೂರಿಸಿ, ನಿಮ್ಮದೇ ರಿದಮ್ ಮಾಡಬಹುದು. ಎಲ್ಲರೂ ಅದೇ ರೆಡಿಮೇಡ್ ಲೂಪ್ ಬಳಸುವುದರಿಂದ ಹಾಡುಗಳೆಲ್ಲ ಒಂದೇ ಥರ ಕೇಳಿಸುತ್ತಿವೆ. ನಿಮ್ಮೂರಿನ ಹಲಗಿ ಬಾರಿಸುವವರನ್ನು ಕರೆದು, ಅವರಿಗೆ ಸಲ್ಲಬೇಕಾದ ಸಂಭಾವನೆ ಕೊಟ್ಟು, ಅರ್ಧ ತಾಸು ಪೆಟ್ಟು ಹಾಕಿಸಿಕೊಳ್ಳಿ. ಹಲಗಿಯನ್ನು ಬೆಂಕಿಗೆ ಕಾಯಿಸಿದ ಕೂಡಲೇ ಬರುವ ದನಿ ಬೇರೆ, ಹತ್ತು ನಿಮಿಷ ಬಿಟ್ಟ ಮೇಲೆ ಬರುವುದು ಬೇರೆ. ಎರಡನ್ನೂ ತೆಗೆದುಕೊಳ್ಳಿ. ಅಂಥ ದನಿ ಯಾವ ಪ್ಯಾಕ್‌ನಲ್ಲೂ ಸಿಗುವುದಿಲ್ಲ.

ಕೊಳ್ಳುವಾಗ ಎಡಿಷನ್ ನೋಡಿ. ದನಿ ರೆಕಾರ್ಡ್ ಮಾಡುವವರು ಆ ಸೌಲಭ್ಯ ಯಾವ ಎಡಿಷನ್‌ನಲ್ಲಿದೆ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಅಗ್ಗ ಅಂತ ನೋಡದೆ ತೆಗೆದುಕೊಂಡು ಆಮೇಲೆ ಪೇಚಾಡಬೇಡಿ. ಟ್ರಯಲ್‌ನಲ್ಲಿ ಪ್ರಾಜೆಕ್ಟ್ ಸೇವ್ ಆಗುತ್ತದೆ, ಆದರೆ ಕೊಳ್ಳುವವರೆಗೆ ಮತ್ತೆ ತೆರೆಯುವುದಿಲ್ಲ. ಇದು ಗೊತ್ತಿಲ್ಲದೆ ರಾತ್ರಿಯಿಡೀ ಕೂತವರು ಬೆಳಗ್ಗೆ ಕಂಗಾಲಾಗುತ್ತಾರೆ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ, ಅದು ದೊಡ್ಡ ಲಾಭ.

ದೊಡ್ಡ ಸ್ಟುಡಿಯೊದವರು ಪ್ರೊ ಟೂಲ್ಸ್, ಕ್ಯೂಬೇಸ್, ಲಾಜಿಕ್ ಅಂತಾರಲ್ಲ?

ಅವರ ಕೆಲಸಕ್ಕೆ ಅದು ಸರಿ. ಸಿನಿಮಾ ಸ್ಟುಡಿಯೊಗೆ ಸೇರುವ ಆಸೆ ಇರುವ ಹುಡುಗರು ಪ್ರೊ ಟೂಲ್ಸ್ ಕಲಿಯಲಿ. ಅದರ ಇಂಟ್ರೊ ಆವೃತ್ತಿ ಉಚಿತ, 8 ಆಡಿಯೊ ಟ್ರ್ಯಾಕ್ ಕೊಡುತ್ತದೆ. ಲಾಜಿಕ್ ವಿಂಡೋಸ್‌ಗೆ ಇಲ್ಲ, ಮ್ಯಾಕ್ ಮತ್ತು ಐಪ್ಯಾಡ್‌ಗೆ ಮಾತ್ರ. ಗ್ಯಾರೇಜ್‌ಬ್ಯಾಂಡ್‌ನಲ್ಲಿ ಮಾಡಿದ ಪ್ರಾಜೆಕ್ಟ್ ಲಾಜಿಕ್‌ನಲ್ಲಿ ನೇರವಾಗಿ ತೆರೆಯುತ್ತದೆ. ಹಾಗಾಗಿ ಮ್ಯಾಕ್ ಇರುವವರಿಗೆ ದಾರಿ ಸಲೀಸು. ಕ್ಯೂಬೇಸ್ 1989ರಿಂದ ಇದೆ. ಇವತ್ತು ಎಲ್ಲರೂ ಬಳಸುವ ವಿಎಸ್‌ಟಿ ಪ್ಲಗಿನ್‌ಗಳು (ಸಾಫ್ಟ್‌ವೇರ್ ಒಳಗೆ ಸೇರಿಸಿಕೊಳ್ಳುವ ಎಫೆಕ್ಟ್, ವಾದ್ಯಗಳು) 1996ರಲ್ಲಿ ಅದರ ಜೊತೆಗೇ ಬಂದವು.

ಸೌಂಡ್ ಕಾರ್ಡ್ ಕೊಂಡಾಗ ಡಬ್ಬದಲ್ಲಿರುವ ಚೀಟಿ ಬಿಸಾಡಬೇಡಿ. ಫೋಕಸ್‌ರೈಟ್ ಸ್ಕಾರ್ಲೆಟ್ ಜೊತೆ ಏಬಲ್ಟನ್ ಲೈವ್ ಲೈಟ್ ಬರುತ್ತದೆ. ಸ್ಟೈನ್‌ಬರ್ಗ್‌ನ ಯುಆರ್ ಕಾರ್ಡ್‌ಗಳ ಜೊತೆ ಕ್ಯೂಬೇಸ್ ಎಐ ಬರುತ್ತದೆ. ಮನೆ ಕೆಲಸಕ್ಕೆ ಅದರಲ್ಲೇ ವರ್ಷಗಟ್ಟಲೆ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಮೊದಲು ಕೇಳಬೇಕಾದದ್ದು, ಆ ಕೋಡ್ ಬಳಸಿ ಆಗಿದೆಯಾ ಅಂತ.

ಕ್ರ್ಯಾಕ್ ಹಾಕಿಕೊಂಡರೆ ಏನಾಗುತ್ತದೆ? ಎಲ್ಲರೂ ಹಾಕಿಕೊಳ್ಳುತ್ತಾರೆ.

ಹಾಕಿಕೊಳ್ಳಬೇಡಿ. ಕ್ರ್ಯಾಕ್ ಹಾಕುವ ಮುಂಚೆ ಆಂಟಿವೈರಸ್ ಆಫ್ ಮಾಡಿ ಅಂತ ಹೇಳುತ್ತಾರೆ. ಯಾರೋ ಗೊತ್ತಿಲ್ಲದವರ ಫೈಲಿಗೆ ಬಾಗಿಲು ತೆಗೆದಿಟ್ಟ ಹಾಗಾಯಿತು. ಅದೇ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಬ್ಯಾಂಕ್, ಫೋಟೊ, ಮಕ್ಕಳ ಓದು ಎಲ್ಲ ಇರುತ್ತದೆ. ನಿಮ್ಮ ಹಾಡನ್ನು ಬೇರೆಯವರು ಕದ್ದು ಹಾಕಿದರೆ ನೋವಾಗುತ್ತದೆ ಅಲ್ವಾ? ಸಾಫ್ಟ್‌ವೇರ್ ಮಾಡಿದವರದ್ದೂ ದುಡಿಮೆಯೇ. ಉಚಿತವಾಗಿ, ಕಾನೂನಿನ ಪ್ರಕಾರವೇ ಸಿಗುವ ಆಡಾಸಿಟಿ, ಟ್ರ್ಯಾಕ್ಷನ್‌ನ ವೇವ್‌ಫಾರ್ಮ್ ಫ್ರೀ, ಬ್ಯಾಂಡ್‌ಲ್ಯಾಬ್ ಇರುವಾಗ ಈ ಗೋಜು ಯಾಕೆ ಬೇಕು?

ಲ್ಯಾಪ್‌ಟಾಪ್ ಎಂಥದ್ದು ಬೇಕು? ಹಾಡು ಎಷ್ಟು ಜಾಗ ತಿನ್ನುತ್ತದೆ?

8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಸಾಧಾರಣ ಐ5. ಇಷ್ಟಿದ್ದರೆ ಭಜನೆ, ವಚನದ ಕೆಲಸಕ್ಕೆ ಧಾರಾಳ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಸದ್ದೂ ಕಡಿಮೆಯಾಗುತ್ತದೆ, ವೇಗವೂ ಬರುತ್ತದೆ. ದೊಡ್ಡ ಆರ್ಕೆಸ್ಟ್ರಾ ಲೈಬ್ರರಿಗಳನ್ನು ತೆರೆಯುವವರು ಮಾತ್ರ 16 ಜಿಬಿ ಯೋಚಿಸಲಿ.

ಜಾಗದ ಲೆಕ್ಕ ಹೀಗಿದೆ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೈಕ್ ನಿಮಿಷಕ್ಕೆ ಸುಮಾರು 8.6 ಎಂಬಿ ತೆಗೆದುಕೊಳ್ಳುತ್ತದೆ. ಐದು ಮೈಕ್ ಇಟ್ಟು ಎರಡು ಗಂಟೆ ಭಜನೆ ಹಿಡಿದರೆ 5 ಜಿಬಿ ದಾಟುತ್ತದೆ. 24 ಬಿಟ್ ಯಾಕೆ ಅಂದರೆ, ಲೆವೆಲ್ ಕಡಿಮೆ ಇಟ್ಟು ರೆಕಾರ್ಡ್ ಮಾಡಬಹುದು. ತತ್ವಪದ ಹಾಡುವವರು ಮೆಲ್ಲಗೆ ಶುರು ಮಾಡಿ ಒಮ್ಮೆಲೇ ತಾರಕಕ್ಕೆ ಹೋಗುತ್ತಾರೆ. ಜೋರಿನ ಜಾಗದಲ್ಲೂ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲೇ ಇರಲಿ. ಕೆಂಪು ದೀಪ ಹತ್ತಿತು ಅಂದರೆ ಆ ದನಿ ಒಡೆದುಹೋಯಿತು, ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಸರಿ ಮಾಡಲಾರದು.

ಲ್ಯಾಪ್‌ಟಾಪ್ ಇಲ್ಲ. ಮೊಬೈಲ್‌ನಲ್ಲೇ ಆಗುತ್ತದಾ?

ಆಗುತ್ತದೆ. ಐಫೋನ್‌ನಲ್ಲಿ ಗ್ಯಾರೇಜ್‌ಬ್ಯಾಂಡ್ ಉಚಿತ, ತುಂಬಾ ಚೆನ್ನಾಗಿದೆ. ಆಂಡ್ರಾಯ್ಡ್‌ನಲ್ಲಿ ಬ್ಯಾಂಡ್‌ಲ್ಯಾಬ್ ನೋಡಿ. ಆಂಡ್ರಾಯ್ಡ್‌ನಲ್ಲಿ ದನಿ ತಡವಾಗುವ ತೊಂದರೆ ಫೋನಿಂದ ಫೋನಿಗೆ ಬದಲಾಗುತ್ತದೆ, ಆದ್ದರಿಂದ ಮೊದಲು ಪರೀಕ್ಷೆ ಮಾಡಿ. ಫ್ಲೈಟ್ ಮೋಡ್ ಹಾಕಿ ರೆಕಾರ್ಡ್ ಮಾಡಿ.

ಹಾಡುವಾಗ ಹೆಡ್‌ಫೋನಿನಲ್ಲಿ ನನ್ನ ದನಿ ತಡವಾಗಿ ಕೇಳಿಸುತ್ತದೆ. ಸಾಫ್ಟ್‌ವೇರ್ ಕೆಟ್ಟದ್ದಾ?

ಸಾಫ್ಟ್‌ವೇರ್ ಬದಲಿಸುವ ಮುಂಚೆ ಡ್ರೈವರ್ ಮತ್ತು ಬಫರ್ ನೋಡಿ. ವಿಂಡೋಸ್‌ನಲ್ಲಿ ಸೌಂಡ್ ಕಾರ್ಡ್ ಕಂಪನಿಯ ಎಎಸ್ಐಒ ಡ್ರೈವರ್ (ಕಾರ್ಡ್ ಮತ್ತು ಸಾಫ್ಟ್‌ವೇರ್ ನಡುವೆ ದನಿಯನ್ನು ಬೇಗ ದಾಟಿಸುವ ಪ್ರೋಗ್ರಾಂ) ಹಾಕಿ, ಸಾಫ್ಟ್‌ವೇರ್‌ನಲ್ಲಿ ಅದನ್ನೇ ಆರಿಸಿ. ಬಫರ್ ಅಂದರೆ ಕಂಪ್ಯೂಟರ್ ದನಿಯನ್ನು ಒಮ್ಮೆಗೆ ಎಷ್ಟು ಕೂಡಿಟ್ಟುಕೊಂಡು ಕಳಿಸುತ್ತದೆ ಅನ್ನುವುದು. ಅದು 1024 ಇದ್ದರೆ ಅದೊಂದರಿಂದಲೇ 21 ಮಿಲಿಸೆಕೆಂಡ್ ತಡ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಂತ ಅದು ದುಪ್ಪಟ್ಟಾಗುತ್ತದೆ. 128 ಅಥವಾ 256ಕ್ಕೆ ಇಳಿಸಿ. ಚಟಚಟ ಸದ್ದು ಬಂದರೆ ಒಂದು ಮೆಟ್ಟಿಲು ಏರಿಸಿ. ರೆಕಾರ್ಡ್ ಮುಗಿದು ಮಿಕ್ಸ್ ಮಾಡುವಾಗ ಮತ್ತೆ 1024 ಇಟ್ಟರೆ ಲ್ಯಾಪ್‌ಟಾಪ್‌ಗೆ ಹಗುರ. ಕಾರ್ಡ್ ಮೇಲೆ ಡೈರೆಕ್ಟ್ ಮಾನಿಟರ್ ಅನ್ನುವ ಗುಂಡಿ ಇದ್ದರೆ ಅದನ್ನು ಒತ್ತಿ, ದನಿ ಕಂಪ್ಯೂಟರ್‌ಗೆ ಹೋಗಿ ಬರದೆ ನೇರವಾಗಿ ಕಿವಿಗೆ ಬರುತ್ತದೆ.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಮಾಡಬೇಡಿ. ವೈರ್ ಇರುವುದು ಬೇಕೇ ಬೇಕು.

ಎರಡು ಯುಎಸ್‌ಬಿ ಮೈಕ್ ಕೊಂಡಿದ್ದೇನೆ. ಎರಡೂ ಒಟ್ಟಿಗೆ ಕೆಲಸ ಮಾಡುತ್ತಿಲ್ಲ.

ವಿಂಡೋಸ್‌ನಲ್ಲಿ ಈ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಸಾಧನದಿಂದ ದನಿ ತೆಗೆದುಕೊಳ್ಳುತ್ತವೆ. ಒಂದೊಂದು ಯುಎಸ್‌ಬಿ ಮೈಕೂ ಒಂದೊಂದು ಸಾಧನ. ಎಎಸ್ಐಒ4ಆಲ್ ಅನ್ನುವ ಡ್ರೈವರ್ ಹಾಕಿ ಎರಡನ್ನೂ ಸೇರಿಸುವ ದಾರಿ ಇದೆ, ಆದರೆ ಎರಡು ಮೈಕ್‌ಗಳ ಗಡಿಯಾರ ಬೇರೆ ಬೇರೆ ಇರುವುದರಿಂದ ಉದ್ದ ಹಾಡಿನಲ್ಲಿ ಒಂದಕ್ಕೊಂದು ಜಾರುತ್ತಾ ಹೋಗುತ್ತವೆ. ಮುಂದೆ ಎರಡು ಮೈಕ್ ಬೇಕು ಅನ್ನುವವರು ಶುರುವಿನಲ್ಲೇ ಎರಡು ಇನ್‌ಪುಟ್‌ನ ಸೌಂಡ್ ಕಾರ್ಡ್, ಸಾದಾ ಎಕ್ಸ್‌ಎಲ್‌ಆರ್ ಮೈಕ್ (ಮೂರು ಪಿನ್ನಿನ ಕೇಬಲ್‌ನದ್ದು) ಕೊಳ್ಳಿ. ಕಂಡೆನ್ಸರ್ ಮೈಕ್ (ಕೆಲಸ ಮಾಡಲು ಕರೆಂಟ್ ಬೇಕಾಗುವ ಸೂಕ್ಷ್ಮ ಮೈಕ್) ಆದರೆ ಕಾರ್ಡಿನ 48 ವೋಲ್ಟ್ ಗುಂಡಿ ಆನ್ ಮಾಡುವುದು ಮರೆಯಬೇಡಿ.

ಪೇಟಿ ಒಂದು ಶ್ರುತಿ, ಕೀಬೋರ್ಡ್ ಒಂದು ಶ್ರುತಿ. ಸಾಫ್ಟ್‌ವೇರ್‌ನಲ್ಲಿ ಕೂಡಿಸಬಹುದಾ?

ನಮ್ಮ ಕಡೆ ಇದು ದಿನಾ ಬರುವ ಪ್ರಶ್ನೆ. ಕೀಬೋರ್ಡ್ 440 ಹರ್ಟ್ಸ್ ಅನ್ನುವ ಅಳತೆಯ ಶ್ರುತಿಗೆ ಕೂತಿರುತ್ತದೆ. ಹಳೆಯ ಪೇಟಿಗಳು ಹಾಗಿರುವುದಿಲ್ಲ. ಒಂದೊಂದು ಸ್ವಲ್ಪ ಮೇಲೆ, ಒಂದೊಂದು ಸ್ವಲ್ಪ ಕೆಳಗೆ. ಪೇಟಿ ಮಾಸ್ತರ್ ಕರಿ ಒಂದು ಹಿಡಿದು ಕೂತರೆ, ಕೀಬೋರ್ಡಿನ ಕರಿ ಒಂದು ಅದರ ಪಕ್ಕದಲ್ಲಿ ಅಲೆಅಲೆಯಾಗಿ ಬಡಿದಾಡುತ್ತದೆ.

ಪೇಟಿಯನ್ನು ಬದಲಿಸಲು ಹೋಗಬೇಡಿ, ಕೀಬೋರ್ಡನ್ನು ಬದಲಿಸಿ. ಮೊದಲು ಪೇಟಿಯ ಷಡ್ಜವನ್ನು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ರೀಪರ್‌ನಲ್ಲಿ ರೀಟ್ಯೂನ್ ತೆರೆದರೆ ಅದು ಎಷ್ಟು ಸೆಂಟ್ (ಪಕ್ಕಪಕ್ಕದ ಎರಡು ಕೀಗಳ ಅಂತರದ ನೂರನೇ ಒಂದು ಭಾಗ) ಮೇಲಿದೆ ಅಂತ ತೋರಿಸುತ್ತದೆ. 20 ಸೆಂಟ್ ಮೇಲಿದ್ದರೆ ಕೀಬೋರ್ಡಿನ ಮಾಸ್ಟರ್ ಟ್ಯೂನಿಂಗನ್ನು 440ರಿಂದ 445ಕ್ಕೆ ಏರಿಸಿ. ಕಿವಿಯಲ್ಲಿ ಆ ಅಲೆ ನಿಲ್ಲುತ್ತದೆ. ಮೊಬೈಲ್ ತಂಬೂರಿ ಆ್ಯಪ್‌ಗಳಲ್ಲೂ ಶ್ರುತಿಯನ್ನು ಇಷ್ಟಿಷ್ಟೇ ಸರಿಸಬಹುದು. ಇದನ್ನೆಲ್ಲ ಹಾಡು ಶುರುವಾಗುವ ಮುಂಚೆ ಮಾಡಿ. ಆಮೇಲೆ ಪೇಟಿಯ ಟ್ರ್ಯಾಕನ್ನು ಪಿಚ್ ಬದಲಿಸಿ ಎಳೆದರೆ ಅದರ ದನಿಯೇ ಕೆಟ್ಟುಹೋಗುತ್ತದೆ.

ಪೇಟಿಗೆ ಮೈಕ್ ಇಡುವಾಗ ಕೀಲಿಗಳ ಹತ್ತಿರ ಇಟ್ಟರೆ ಬೆರಳಿನ ಟಕಟಕ ಬರುತ್ತದೆ, ತಿದಿಯ ಹತ್ತಿರ ಇಟ್ಟರೆ ಗಾಳಿಯ ಸದ್ದು ಬರುತ್ತದೆ. ಒಂದೂವರೆ ಅಡಿ ಮೇಲೆ, ಸ್ವಲ್ಪ ಮುಂದಕ್ಕೆ ಇಟ್ಟು ನೋಡಿ.

ಮೆಟ್ರೊನೋಮ್ ಹಾಕಿಕೊಂಡೇ ಹಾಡಬೇಕಾ?

ಡಿಜೆ ಹಾಡಿಗೆ ಬೇಕು. ಭಜನೆ, ತತ್ವಪದಕ್ಕೆ ಬೇಡ. ಆ ಹಾಡುಗಳು ನಿಧಾನ ಶುರುವಾಗಿ ಕೊನೆಗೆ ದ್ರುತಕ್ಕೆ ಹೋಗುತ್ತವೆ, ಹಾಗೆ ಹೋಗುವುದೇ ಅವುಗಳ ಸೊಗಸು. ತಬಲಾದವರೇ ನಿಮ್ಮ ಗಡಿಯಾರ. ರೀಪರ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್‌ಬೇಸ್ ಅನ್ನುವುದನ್ನು ಟೈಮ್‌ಗೆ ಇಡಿ, ತುಣುಕುಗಳನ್ನು ಗೆರೆಗೆ ಅಂಟಿಸುವ ಸ್ನ್ಯಾಪ್ ಆಫ್ ಮಾಡಿ. ಆಗ ಟೆಂಪೊ ಗೆರೆಗಳ ಗೊಡವೆ ಇರುವುದಿಲ್ಲ. ಕ್ಲಿಕ್ ಇಟ್ಟೇ ಮಾಡಬೇಕು ಅನ್ನುವವರು ರೂಪಕಕ್ಕೆ 7, ದಾದ್ರಾಕ್ಕೆ 6 ಅಂತ ಮಾತ್ರೆ ಬದಲಿಸಿಕೊಳ್ಳಿ. ನಾಲ್ಕರ ಕ್ಲಿಕ್‌ನಲ್ಲಿ ರೂಪಕ ಹಾಡಿಸಿ ಹಾಡುವವರನ್ನು ಗೋಳು ಹೊಯ್ದುಕೊಳ್ಳಬೇಡಿ.

ಆಟೊಟ್ಯೂನ್ ಯಾವುದರಲ್ಲಿ ಚೆನ್ನಾಗಿದೆ?

ವಚನ, ತತ್ವಪದಕ್ಕೆ ಹಾಕಲೇಬೇಡಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡನ್ನು ಅದು ಮೆಟ್ಟಿಲು ಮಾಡಿಬಿಡುತ್ತದೆ. ಒಂದು ಸಾಲು ತಪ್ಪಿದ್ದರೆ ಆ ಸಾಲನ್ನೇ ಮತ್ತೆ ಹಾಡಿಸಿ. ಡಿಜೆ ಹಾಡಿನಲ್ಲಿ ಆ ಪರಿಣಾಮವೇ ಬೇಕಿದ್ದರೆ ಅದು ಬೇರೆ ಮಾತು, ಅಲ್ಲಿ ಧಾರಾಳವಾಗಿ ಬಳಸಿ.

ಕೋಣೆ ಗುಂಯ್ ಅನ್ನುತ್ತದೆ, ಕೂಲರ್ ಸದ್ದೂ ಬರುತ್ತದೆ. ಸಾಫ್ಟ್‌ವೇರ್ ತೆಗೆಯುತ್ತದಾ?

ಕೂಲರ್‌ನಂತೆ ಒಂದೇ ಸಮ ಇರುವ ಸದ್ದನ್ನು ಸುಮಾರಾಗಿ ತೆಗೆಯುತ್ತದೆ. ಕೋಣೆಯ ಗುಂಯ್ ತೆಗೆಯುವುದು ಬಹಳ ಕಷ್ಟ.

ನಮ್ಮ ಮನೆಗಳನ್ನೇ ನೋಡಿ. ಕೆಳಗೆ ಶಹಾಬಾದ್ ಫರ್ಸಿ, ಮೇಲೆ ಸ್ಲ್ಯಾಬ್, ಸುತ್ತ ಗಿಲಾವ್ ಮಾಡಿದ ಗೋಡೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟಣಟಣ ಅಂತ ವಾಪಸ್ ಬಂದರೆ ಅದೇ ನಿಮ್ಮ ಹಾಡಿನಲ್ಲೂ ಕೂರುತ್ತದೆ. ಇದಕ್ಕೆ ದುಬಾರಿ ಫೋಮ್ ಬೇಕಿಲ್ಲ. ಅಜ್ಜಿ ಹೊಲೆದ ಕೌದಿಗಳು ಮನೆಯಲ್ಲಿರುತ್ತವೆ. ಹಾಡುವವರ ಬೆನ್ನ ಹಿಂದೆ ಒಂದು, ಎರಡು ಪಕ್ಕಕ್ಕೆ ಒಂದೊಂದು, ಹಗ್ಗ ಕಟ್ಟಿ ಗೋಡೆಯಿಂದ ನಾಲ್ಕು ಬೆರಳು ಈಚೆಗೆ ತೂಗುಹಾಕಿ. ಫರ್ಸಿ ಮೇಲೆ ಗಾದಿ ಹಾಸಿ. ಬಾಯಿಂದ ಮೈಕ್ ಒಂದು ಗೇಣು ದೂರ ಇರಲಿ. ಮತ್ತೆ ಚಪ್ಪಾಳೆ ತಟ್ಟಿ ನೋಡಿ, ಟಪ್ ಅಂತ ಅಲ್ಲೇ ಸಾಯುತ್ತದೆ. ಬಹಳಷ್ಟು ಮನೆಗಳಲ್ಲಿ ಹೊಸ ಮೈಕ್‌ಗಿಂತ ಈ ಕೌದಿಗಳೇ ಜಾಸ್ತಿ ಕೆಲಸ ಮಾಡುತ್ತವೆ.

ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವಾಗ ಕೂಲರ್ ಆಫ್ ಮಾಡಿ ಹಾಡಿ ಅನ್ನುವುದು ಸುಲಭವಲ್ಲ. ಬೆಳಗಿನ ಜಾವ ಇಟ್ಟುಕೊಳ್ಳಿ. ಒಂದು ಟೇಕ್ ಮುಗಿಯುವವರೆಗೆ ಆಫ್, ಆಮೇಲೆ ಆನ್. ವಯಸ್ಸಾದವರು ಹಾಡುತ್ತಿದ್ದರೆ ಕೂಲರ್ ಇರಲಿ ಬಿಡಿ, ಅವರಿಗೆ ತ್ರಾಸಾಗುವುದು ಬೇಡ. ಹಾಡು ಶುರುವಾಗುವ ಮುಂಚೆ ಐದು ಸೆಕೆಂಡ್ ಎಲ್ಲರೂ ಸುಮ್ನೆ ಕೂತು ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಆಡಾಸಿಟಿಯ ನಾಯ್ಸ್ ರಿಡಕ್ಷನ್‌ಗೆ ಅದೇ ನಮೂನೆ ತೋರಿಸಿದರೆ ಸದ್ದು ಇಳಿಯುತ್ತದೆ. 6 ರಿಂದ 9 ಡೆಸಿಬೆಲ್ ಇಳಿಸಿ ಸಾಕು ಮಾಡಿ. ಜಾಸ್ತಿ ಎಳೆದರೆ ದನಿ ನೀರೊಳಗಿನಿಂದ ಬಂದಂತೆ ಕೇಳಿಸುತ್ತದೆ.

ಸದಾ ಒಂದು ಹಮ್ ಬರುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ ನೋಡಿ. ಹಮ್ ನಿಂತರೆ ಅರ್ಥಿಂಗ್ ಸರಿಯಿಲ್ಲ ಅಂತ ಅನುಮಾನ ಪಡಬೇಕು. ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ರೆಕಾರ್ಡ್ ಮಾಡುವಾಗ ಕರೆಂಟ್ ಹೋದರೆ?

ಲ್ಯಾಪ್‌ಟಾಪ್ ಇದ್ದರೆ ಬ್ಯಾಟರಿ ಕಾಪಾಡುತ್ತದೆ, ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡೂ ಸಾಮಾನ್ಯವಾಗಿ ಅದರಿಂದಲೇ ನಡೆಯುತ್ತದೆ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೂರಬೇಡಿ. ರೀಪರ್‌ನ ಪ್ರಿಫರೆನ್ಸಸ್‌ನಲ್ಲಿ ಆಟೊ ಸೇವ್ ಐದು ನಿಮಿಷಕ್ಕೆ ಇಡಿ. ಆಡಾಸಿಟಿ ನಡುವೆ ಬಂದ್ ಆದರೆ ಮುಂದಿನ ಸಲ ತೆರೆದಾಗ ತಾನೇ ವಾಪಸ್ ಕೊಡಲೇ ಅಂತ ಕೇಳುತ್ತದೆ, ಹೌದು ಅನ್ನಿ.

ಮಿಕ್ಸ್ ಮಾಡಲು ಬೇರೆ ಊರಿನ ಸ್ಟುಡಿಯೊಗೆ ಕೊಡಬೇಕು. ಅವರದ್ದು ಬೇರೆ ಸಾಫ್ಟ್‌ವೇರ್.

ಚಿಂತೆ ಬೇಡ. ಎಲ್ಲ ಟ್ರ್ಯಾಕ್‌ಗಳನ್ನೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವ ಬೇರೆ ಬೇರೆ ವೇವ್ ಫೈಲ್ ಮಾಡಿ ಕೊಡಿ. ಜಗತ್ತಿನ ಯಾವ ಸಾಫ್ಟ್‌ವೇರ್‌ನಲ್ಲಿ ಹಾಕಿದರೂ ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ನಿಮ್ಮ ರಿವರ್ಬ್, ಕಂಪ್ರೆಸರ್ ತೆಗೆದು ಒಣ ದನಿ ಕೊಡಿ. ಹೋಲಿಸಲು ನಿಮ್ಮ ಮಿಕ್ಸ್‌ನ ಒಂದು ಎಂಪಿ3 ಜೊತೆಗಿಡಿ.

ಫೋಲ್ಡರ್ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಒಳ್ಳೆಯದು. ಕನ್ನಡ ಅಕ್ಷರದ ಹೆಸರು ಕಂಡರೆ ಕೆಲವು ಹಳೆಯ ಪ್ಲಗಿನ್‌ಗಳು ಫೈಲ್ ಸಿಗಲಿಲ್ಲ ಅನ್ನುತ್ತವೆ. ರೀಪರ್‌ನಲ್ಲಿ ಮೊದಲ ಸಲ ಸೇವ್ ಮಾಡುವಾಗ ಪ್ರಾಜೆಕ್ಟ್‌ಗೆ ಬೇರೆ ಫೋಲ್ಡರ್ ಮಾಡುವ, ಎಲ್ಲ ಮೀಡಿಯಾ ಅದರೊಳಗೆ ಕಾಪಿ ಮಾಡುವ ಎರಡು ಬಾಕ್ಸ್‌ಗಳಿಗೂ ಟಿಕ್ ಹಾಕಿ. ರೀಪರ್‌ನ ಪ್ರಾಜೆಕ್ಟ್ ಫೈಲಾದ ಆರ್‌ಪಿಪಿ ಒಂದನ್ನೇ ವಾಟ್ಸಾಪ್ ಮಾಡಿದರೆ ಅದರಲ್ಲಿ ದನಿ ಇರುವುದಿಲ್ಲ.

ಯೂಟ್ಯೂಬ್‌ಗೆ ಎಷ್ಟು ಜೋರಾಗಿ ಮಾಡಬೇಕು?

ಯೂಟ್ಯೂಬ್ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಒಟ್ಟಾರೆ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವ ಅಳತೆ) ಆಸುಪಾಸಿಗೆ ತಾನೇ ಇಳಿಸುತ್ತದೆ. ಅದಕ್ಕಿಂತ ಜೋರಾಗಿ ಹಿಂಡಿದರೆ ದನಿ ಚಪ್ಪಟೆಯಾಗುತ್ತದೆ ಅಷ್ಟೇ, ಲಾಭವಿಲ್ಲ. ಜಾತ್ರೆಯ ಸೌಂಡ್ ಬಾಕ್ಸ್‌ಗೆ ಬೇಕಿದ್ದರೆ ಅದಕ್ಕೆ ಇನ್ನೊಂದು ಜೋರಿನ ಕಾಪಿ ಬೇರೆ ಮಾಡಿ.

ನಮ್ಮೂರಲ್ಲಿ ತತ್ವಪದ ಹಾಡುವ ಅಜ್ಜ ಒಬ್ಬರಿದ್ದಾರೆ. ಹೋಗಿ ರೆಕಾರ್ಡ್ ಮಾಡಬೇಕು. ಏನು ತಯಾರಿ?

ಇದನ್ನು ನಾಳೆಗೆ ಹಾಕಬೇಡಿ. ಸಾಫ್ಟ್‌ವೇರ್ ಇನ್ನೂ ಕಲಿಯುತ್ತಿದ್ದೇನೆ, ಮೈಕ್ ಇನ್ನೂ ಬಂದಿಲ್ಲ ಅಂತ ಕೂರಬೇಡಿ. ಇಂಥವರ ಕಂಠದಲ್ಲಿರುವ ಎಷ್ಟೋ ಪದಗಳು ಯಾವ ಪುಸ್ತಕದಲ್ಲೂ ಇಲ್ಲ, ಇದ್ದರೂ ಧಾಟಿ ಪುಸ್ತಕದಲ್ಲಿ ಸಿಗುವುದಿಲ್ಲ. ಇರುವ ಫೋನ್ ಹಿಡಿದುಕೊಂಡೇ ಹೋಗಿ.

ಲ್ಯಾಪ್‌ಟಾಪ್ ಒಯ್ಯುವುದಾದರೆ ಹಿಂದಿನ ರಾತ್ರಿಯೇ ರೀಪರ್‌ನಲ್ಲಿ ಪ್ರಾಜೆಕ್ಟ್ ಮಾಡಿ, ಟ್ರ್ಯಾಕ್‌ಗಳಿಗೆ ಹೆಸರಿಟ್ಟು ತಯಾರಿಟ್ಟುಕೊಳ್ಳಿ. ವಿಂಡೋಸ್ ಅಪ್‌ಡೇಟ್ ನಿಲ್ಲಿಸಿ, ಬ್ಯಾಟರಿ ಪೂರ್ತಿ ತುಂಬಿಸಿ. ಎರಡೇ ಮೈಕ್ ಸಾಕು. ಒಂದು ಹಾಡುವವರಿಗೆ, ಒಂದು ಏಕತಾರಿ, ದಮ್ಮಡಿ, ತಾಳ ಎಲ್ಲಕ್ಕೂ ಸೇರಿ. ಅವರು ಯಾವಾಗಲೂ ಕೂರುವ ಜಾಗದಲ್ಲೇ, ಕಟ್ಟೆಯೋ ಪಡಸಾಲೆಯೋ, ಅಲ್ಲೇ ಕೂರಲಿ. ಹೆಡ್‌ಫೋನ್ ಹಾಕಿಸಬೇಡಿ, ಮತ್ತೊಮ್ಮೆ ಹಾಡಿ ಅಂತ ನಿಲ್ಲಿಸಬೇಡಿ. ರೆಕಾರ್ಡ್ ಒತ್ತಿದ ಮೇಲೆ ಎದ್ದು ಬರುವವರೆಗೆ ಬಂದ್ ಮಾಡಬೇಡಿ. ಎರಡು ಪದಗಳ ನಡುವೆ ಅಜ್ಜ ಹೇಳುವ ಮಾತು, ಈ ಪದ ಯಾರಿಂದ ಕಲಿತರು, ಯಾವ ಗುರುಗಳ ಅಂಕಿತ ಅನ್ನುವುದು ಹಾಡಿನಷ್ಟೇ ಬೆಲೆಯುಳ್ಳದ್ದು.

ಮೊದಲಿಗೆ ಅವರ ಹೆಸರು, ಊರು, ತಾರೀಕು ನೀವೇ ಮೈಕ್‌ನಲ್ಲಿ ಹೇಳಿ. ಯೂಟ್ಯೂಬ್‌ಗೆ ಹಾಕುತ್ತೇನೆ ಅಂತ ಇದ್ದರೆ ಅವರನ್ನು ಕೇಳಿ, ಒಪ್ಪಿದ ಮಾತೂ ರೆಕಾರ್ಡ್‌ನಲ್ಲಿರಲಿ. ಮನೆಗೆ ಬಂದ ರಾತ್ರಿಯೇ ಮೂಲ ವೇವ್ ಫೈಲ್‌ಗಳನ್ನು ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ. ಎಂಪಿ3 ಮಾತ್ರ ಇಟ್ಟುಕೊಂಡು ಮೂಲ ಅಳಿಸಬೇಡಿ. ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿ ಅವರ ಮನೆಯವರಿಗೂ ಕೊಟ್ಟು ಬನ್ನಿ.